ಪಿಸುವಿನ ತುಟಿ

"ತುಟಿ!" ಎಂದು ಸಭಾಂಗಣದ ಕೊನೆಯ ಸಾಲಿನಿಂದ ಅಜ್ಜ ಕಿರುಚಿದ. "ಮತ್ತೆ ತುಟಿ! ಏ ಪಿಸು, ಅದು ಅವನ ಮಾತು ಕಣೇ. ಅವನೇ ಆಡ್ತಾನೆ. ಜೊತೆಗೆ ನೀನ್ಯಾಕೆ ಮೆಲುಕು ಹಾಕ್ತೀಯ?"

ರಂಗದ ಮೇಲೆ ಬಟ್ಟೆ ಮಡಚುತ್ತ ಕೂತಿದ್ದ ಪಿಸು ಕೈಯಲ್ಲಿದ್ದ ಅಂಗಿಯನ್ನೇ ಬಾಯಿಗೆ ಒತ್ತಿಕೊಂಡಳು. ಎದುರಿಗೆ ನಿಂತಿದ್ದ, ಎಲ್ಲರೂ ಗಂಟಲು ಎಂದು ಕರೆಯುವ ಹುಡುಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅಜ್ಜನಿಗೆ ವಯಸ್ಸೇನೂ ಆಗಿರಲಿಲ್ಲ. ವಿಶ್ವವಿದ್ಯಾಲಯ ಬಿಟ್ಟು ಹೋಗಲು ಮನಸ್ಸು ಬಾರದೆ, ಒಂದಾದ ಮೇಲೊಂದು ಪದವಿಗೆ ಸೇರಿಕೊಳ್ಳುತ್ತ, ಹುಡುಗರಿಗೆ ನಾಟಕ ಆಡಿಸುತ್ತ ಉಳಿದುಬಿಟ್ಟಿದ್ದನಾದ್ದರಿಂದ ಆ ಹೆಸರು. ಪಿಸುವಿನ ಹೆಸರಿಗೂ ಕಾರಣವಿತ್ತು. ಸೇರಿದ ವರ್ಷದಿಂದ ಅವಳ ಜಾಗ ಪರದೆಯ ಎಡಬದಿಯ ಸ್ಟೂಲು. ಕೆಲಸ, ಮಾತು ಮರೆತವರಿಗೆ ಪಿಸುಗುಟ್ಟುವುದು. ಯಾರು ಎಲ್ಲಿ ಮುಗ್ಗರಿಸುತ್ತಾರೆಂಬುದು ಅವರ ಉಸಿರಿನಲ್ಲೇ ಅವಳಿಗೆ ತಿಳಿದುಬಿಡುತ್ತಿತ್ತು. ಗಂಟಲಂತೂ, ದನಿ ಗುಡುಗಿನಂಥದ್ದು, ನೆನಪು ಜರಡಿಯಂಥದ್ದು, ತನ್ನ ಮಾತುಗಳಲ್ಲಿ ಅರ್ಧವನ್ನು ಅವಳ ಬಾಯಲ್ಲೇ ಇಟ್ಟು ನಿಶ್ಚಿಂತೆಯಿಂದಿದ್ದ.

ಅವಳ ಅಮ್ಮ ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಪ್ರತಿ ನಾಟಕಕ್ಕೂ ಬರುತ್ತಿದ್ದಳು. ಮುಗಿದ ಮೇಲೆ ಪ್ರತಿ ಸಲವೂ ಅದೇ: "ಚೆನ್ನಾಗಿತ್ತು ಕಣೇ. ನಿನ್ನ ದನಿ ಕೇಳಿಸ್ತು. ನೀನೇ ಎಲ್ಲೂ ಕಾಣ್ಲಿಲ್ಲ." ಪಿಸುಗುಟ್ಟುವವಳ ದನಿ ಪ್ರೇಕ್ಷಕರಿಗೆ ಕೇಳಿಸಿದರೆ ಮಾನ ಹೋದ ಹಾಗೆಂದು ಅಮ್ಮನಿಗೆ ಹೇಗೆ ಹೇಳುವುದು?

ಇದು ಕೊನೆಯ ವರ್ಷ. ಹಟ ಹಿಡಿದು, ಅಜ್ಜನ ತಲೆ ತಿಂದು, ತಂಗಿಯ ಪಾತ್ರ ಗಿಟ್ಟಿಸಿಕೊಂಡಿದ್ದಳು. ಅಣ್ಣ ಗಂಟಲು. ನಾಟಕದಲ್ಲಿ ಮನೆ ಬಿಟ್ಟು ಹೋಗಿದ್ದ ಅಣ್ಣ ಎಷ್ಟೋ ವರ್ಷದ ಮೇಲೆ ಬಂದು ಕ್ಷಮೆ ಕೇಳುತ್ತ ಮಾತಾಡುತ್ತಲೇ ಹೋಗುತ್ತಾನೆ. ತಂಗಿ ಬಟ್ಟೆ ಮಡಚುತ್ತ ತುಟಿ ಪಿಟಕ್ಕೆನ್ನುವುದಿಲ್ಲ. ಕೊನೆಗೆ ಒಂದೇ ಮಾತು: "ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗು." ನೀರು ಕುಡಿದಷ್ಟು ಸುಲಭವೆಂದುಕೊಂಡಿದ್ದಳು. ಆದರೆ ಗಂಟಲು ಬಾಯಿ ತೆರೆದರೆ ಸಾಕು, ತುಟಿ ಅವಳ ಮಾತು ಕೇಳುತ್ತಿರಲಿಲ್ಲ.

"ನೋಡು, ಇವತ್ತು ಸಂಜೆ ಜನರೆದುರು ತುಟಿ ಅಲ್ಲಾಡಿತೋ, ಮುಂದಿನ ನಾಟಕ ಸ್ಪರ್ಧೆಗೆ ನಿನ್ನ ಬದಲು ಕನ್ನಡಕ ಹೋಗ್ತಾಳೆ. ನೀನು ವಾಪಸ್ ಸ್ಟೂಲಿಗೆ," ಎಂದ ಅಜ್ಜ.

ಆ ಸ್ಟೂಲಿನ ಮೇಲೆ ಈಗ ಪುಸ್ತಕ ಹಿಡಿದು ಕೂತಿದ್ದವಳೇ ಕನ್ನಡಕ. "ನಂಗೇನೂ ಆಸೆ ಇಲ್ಲಪ್ಪ," ಎಂದಳು. ತಂಗಿಯ ಮಾತನ್ನು ಅವಳು ಆಗಲೇ ಕಲಿತಾಗಿತ್ತು. ಒಂದೇ ಸಾಲು ತಾನೆ!

ಬಣ್ಣದ ಕೋಣೆಯಲ್ಲಿ ಪಿಸುವಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೆನ್ನೆಯ ಒಳಭಾಗ ಕಚ್ಚಿ ನೋಡಿದಳು, ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ನೋಡಿದಳು. ಕನ್ನಡಿಯಲ್ಲಿ ಗಂಟಲಿನ ಮುಖ ಮೂಡಿತು.

"ನಾನು ಮರೆತ್ರೆ ಏನೇ ಗತಿ?"

"ಮರೀಬೇಡ."

"ಅದೇನು ನನ್ನ ಕೈಲಿದೆಯಾ?"

"ಕನ್ನಡಕ ಇದಾಳಲ್ಲ."

"ಅವಳು ಹೇಳಿಕೊಟ್ರೆ ರೈಲು ಬಂತು ಅಂತ ಕೂಗಿದ ಹಾಗಿರುತ್ತೆ. ನೀನೇ ಒಂಚೂರು... ಒಂದಕ್ಷರ ಸಾಕು."

"ನಿನ್ನ ಕಾಲಿಗೆ ಬೀಳ್ತೀನಿ ಕಣೋ, ನನ್ನ ಮುಖ ಮಾತ್ರ ನೋಡ್ಬೇಡ."

ಪರದೆ ಸರಿಯಿತು. ಅಮ್ಮ ಮೂರನೆಯ ಸಾಲಿನಲ್ಲಿದ್ದಳು, ಕಣ್ಣು ರೂಢಿಯಂತೆ ಪರದೆಯ ಎಡಬದಿಯನ್ನೇ ಹುಡುಕುತ್ತಿತ್ತು. ಪಿಸು ಹಲ್ಲು ಕಚ್ಚಿ ಬಟ್ಟೆ ಮಡಚಿದಳು. ಗಂಟಲು ಇವತ್ತು ನೀರು ಹರಿದಂತೆ ಮಾತಾಡುತ್ತಿದ್ದ. "ಅಪ್ಪ ಹೋದ ದಿನ ನಾನು ಬರಬೇಕಿತ್ತು," ಎಂದ. ಆಮೇಲೆ ಉಸಿರು ಎಳೆದುಕೊಂಡ ರೀತಿಯಲ್ಲೇ ಅವಳಿಗೆ ಗೊತ್ತಾಯಿತು. ಮರೆತ.

*ಬಂದಿದ್ದೆ. ಬೀದಿ ತುದಿಯಿಂದಲೇ ತಿರುಗಿ ಹೋದೆ.* ಮಾತು ಅವಳ ಹಲ್ಲಿನ ಹಿಂದೆ ಬಂದು ನಿಂತಿತ್ತು.

"ಬಂದಿದ್ದೆ! ಬಂದಿದ್ದೆ!" ಎಂದು ಕನ್ನಡಕ ಒಳಗಿನಿಂದ ಹೇಳಿದ್ದು ಮುಂದಿನ ಸಾಲಿಗೇ ಕೇಳಿಸಿ ಯಾರೋ ಕಿಸಕ್ಕೆಂದರು. ಗಂಟಲಿನ ಕಿವಿಗೆ ಆ ದನಿ ಹೋಗಲೇ ಇಲ್ಲ. ಅವನು ಪಿಸುವಿನ ತುಟಿಯನ್ನೇ ನೋಡುತ್ತಿದ್ದ, ಬಾಯಾರಿದವನು ನಲ್ಲಿ ನೋಡುವ ಹಾಗೆ.

ಪಿಸು ತುಟಿ ಒಳಗೆಳೆದುಕೊಂಡಳು. ಮಡಚಿದ್ದ ಅಂಗಿಯನ್ನು ಬಿಡಿಸಿದಳು, ಮತ್ತೆ ಮಡಚಿದಳು. ಮೊದಲು ಒಬ್ಬರು ಕೆಮ್ಮಿದರು, ಆಮೇಲೆ ಕುರ್ಚಿಗಳ ಕಿರುಗುಟ್ಟುವಿಕೆಯೂ ನಿಂತಿತು. ಕೊನೆಯ ಸಾಲಿನಲ್ಲಿ ಅಜ್ಜ ಎದ್ದು ನಿಂತಿದ್ದ.

ಗಂಟಲು ನೆಲದ ಮೇಲೆ ಕೂತುಬಿಟ್ಟ. ತಾಲೀಮಿನಲ್ಲಿ ಎಂದೂ ಕೂತವನಲ್ಲ. ಆ ಗುಡುಗಿನ ದನಿ ಎಲ್ಲಿ ಹೋಗಿತ್ತೋ, ಮೆಲ್ಲಗೆ ಕೇಳಿದ:

"ಊಟ ಆಯ್ತಾ?"

ಆ ಮಾತು ನಾಟಕದಲ್ಲಿ ಎಲ್ಲೂ ಇರಲಿಲ್ಲ. ಎಲ್ಲರ ಎಲ್ಲ ಮಾತನ್ನೂ ಬಲ್ಲ ಪಿಸು ತನ್ನೊಳಗೆ ಹುಡುಕಿದಳು. ಎಡಬದಿಗೆ ಕಣ್ಣು ಹಾಯಿಸಿದಳು. ಅಲ್ಲಿ ಕನ್ನಡಕ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವುತ್ತ ಗಾಬರಿಯಾಗಿದ್ದಳು.

"ಇನ್ನೂ ಇಲ್ಲ," ಎಂದಳು ಪಿಸು.

ಪಿಸುಮಾತಲ್ಲ, ತುಂಬು ದನಿ. ಮೂರನೆಯ ಸಾಲಿನಲ್ಲಿ ಅಮ್ಮ ಎಡಬದಿಯಿಂದ ಕಣ್ಣು ಕಿತ್ತು ಅವಳತ್ತ ತಿರುಗಿದಳು.

ಗಂಟಲು ರಾಶಿಯಿಂದ ಒಂದು ಅಂಗಿ ಎಳೆದುಕೊಂಡು ತಾನೂ ಮಡಚತೊಡಗಿದ. ತೋಳು ಎತ್ತ ಸೇರಿಸುವುದೆಂದು ತಿಳಿಯದೆ ಉಂಡೆ ಮಾಡಿದ. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು, ಬಿಡಿಸಿ, ತೊಡೆಯ ಮೇಲೆ ಹರಡಿ, ಒಂದು ತೋಳು ಒಳಕ್ಕೆ ಮಡಚಿ ತೋರಿಸಿದಳು. ಕೊನೆಯ ಸಾಲಿನಲ್ಲಿ ಅಜ್ಜ ಸದ್ದಾಗದಂತೆ ಮತ್ತೆ ಕುರ್ಚಿಯಲ್ಲಿ ಕೂತ. ಪರದೆಯ ಬದಿಯಲ್ಲಿ ಪುಟ ತಿರುವುವ ಸದ್ದು ನಿಂತಿತ್ತು.