ಹೂಬಿಡುವ ತಿಂಗಳಲ್ಲಿ ಕತ್ತರಿಗೆ ಕೆಲಸವಿಲ್ಲ

ಆ ಬೀದಿಯಲ್ಲಿ ಹೂವಜ್ಜಿಯ ತೋಟ ನೋಡಿ ಹೊಟ್ಟೆ ಉರಿಸಿಕೊಳ್ಳದವರೇ ಇರಲಿಲ್ಲ. ಮನೆಯೇನೋ ಎರಡು ಕೋಣೆ, ಒಂದು ಅಡುಗೆಮನೆ. ಆದರೆ ಗೇಟಿನಿಂದ ಬಾಗಿಲವರೆಗೆ ಕಾಲಿಡಲು ತೆರಪಿಲ್ಲದಷ್ಟು ಗುಲಾಬಿ, ಡೇಲಿಯಾ, ಸೇವಂತಿಗೆ. "ಏನು ಗೊಬ್ಬರ ಹಾಕ್ತೀರಿ ಅಜ್ಜಿ?" ಎಂದು ಕೇಳಿದವರಿಗೆ ಆಕೆ ಗತ್ತಿನಿಂದ, "ನನ್ನ ಮಗನ ಸಿಟ್ಟು" ಎನ್ನುತ್ತಿದ್ದಳು. ಜನ ತಮಾಷೆ ಎಂದುಕೊಂಡು ನಗುತ್ತಿದ್ದರು. ತಮಾಷೆ ಎಲ್ಲಿಂದ ಬಂತು, ಆಕೆ ಹೇಳುತ್ತಿದ್ದದ್ದು ಅಪ್ಪಟ ನಿಜ.

ಮಗನಿಗೆ ಕೋಪ ಮೂಗಿನ ತುದಿಯಲ್ಲೇ. ಅದು ಅಪ್ಪನ ಬಳುವಳಿ. ಅಪ್ಪ ಬದುಕಿದ್ದಷ್ಟು ಕಾಲ ಹೂವಜ್ಜಿಯ ಬೆನ್ನಿನ ಬಾಸುಂಡೆ ಆರಿದ್ದೇ ಇಲ್ಲ. ಆತ ಸತ್ತಾಗ ನಾಲ್ಕು ಜನ ಮೆಚ್ಚುವ ಹಾಗೆ ಅತ್ತು, ಮಾರನೆಯ ದಿನ ಮೊದಲ ಗುಲಾಬಿ ಕಡ್ಡಿ ನೆಟ್ಟಳು. ಮೀಸೆ ಚಿಗುರುವ ವಯಸ್ಸಿನಲ್ಲಿ ಮಗ ತಟ್ಟೆ ಬೀಸಿ ಕನ್ನಡಿ ಒಡೆದಾಗ, ಅವನ ಕೈಗೆ ಗುದ್ದಲಿ ಕೊಟ್ಟು, "ಹೊಡೀಲೇಬೇಕು ಅನ್ಸಿದ್ರೆ ನೆಲಾನ ಹೊಡಿ, ಹೋಗು" ಎಂದು ಅಂಗಳಕ್ಕೆ ತಳ್ಳಿದಳು. ಕತ್ತಲಾಗುವಷ್ಟರಲ್ಲಿ ಕಲ್ಲಿನಂಥ ನೆಲ ಹಿಟ್ಟಾಗಿತ್ತು. ಅಲ್ಲಿಂದ ಆ ಮನೆಯಲ್ಲಿ ಅದೇ ಪದ್ಧತಿಯಾಯಿತು.

ಬೇಸಿಗೆಯಲ್ಲಿ ಅಗೆತ. ಗ್ಯಾರೇಜಿನಲ್ಲಿ ಮಾಲೀಕನಿಂದ ಬೈಸಿಕೊಂಡು ಬಂದ ಸಂಜೆ ಮಗ ಒಂದು ಹೆಂಟೆಯನ್ನೂ ಜೀವಂತ ಬಿಡುತ್ತಿರಲಿಲ್ಲ. ಮಳೆಗಾಲದಲ್ಲಿ ಬಸವನಹುಳುಗಳ ಸರದಿ. ಎಲೆ ತಿನ್ನುವ ಅವನ್ನು ಆರಿಸಿ ಚಪ್ಪಡಿಯ ಮೇಲಿಟ್ಟು, ಬೂಟಿನ ಹಿಮ್ಮಡಿಯಿಂದ ಒಂದೊಂದನ್ನೇ ಅರೆಯುತ್ತಿದ್ದ. ಚಳಿ ಹಿಡಿಯುತ್ತಿದ್ದಂತೆ ಗುಲಾಬಿ ಸವರುವ ಕೆಲಸ. ಉದ್ದ ಹಿಡಿಯ ಕತ್ತರಿ ಹಿಡಿದು, ಎದೆಮಟ್ಟ ಬೆಳೆದ ಗಿಡವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸುತ್ತಿದ್ದ. ಮುಳ್ಳು ತೋಳು ಸೀಳಿ ರಕ್ತ ಸುರಿದರೂ ಲೆಕ್ಕಕ್ಕಿಲ್ಲ. ಅಜ್ಜಿ ಮೆಟ್ಟಿಲ ಮೇಲೆ ಕೂತು, "ಇನ್ನೂ ಕೆಳಗೆ ಕಡಿಯೋ, ಕನಿಕರ ತೋರಿಸ್ಬೇಡ" ಎಂದು ಹುರಿದುಂಬಿಸುತ್ತಿದ್ದಳು. ಹಾಗೆ ಕಡಿದರೇ ಗುಲಾಬಿ ಚೆನ್ನಾಗಿ ಚಿಗುರುವುದು, ಅದೂ ಸುಳ್ಳಲ್ಲ. ಚಿಗುರು ಕೆಂಪಗೆ ಮೂಡಿ, ಮೊಗ್ಗು ತುಂಬಿ, ಒಂದು ಬೆಳಿಗ್ಗೆ ಇಡೀ ಅಂಗಳ ಅರಳಿದಾಗ ಹೂವಜ್ಜಿ ಚಪ್ಪಲಿ ಬಿಟ್ಟು ಗಿಡಗಳ ನಡುವೆ ಓಡಾಡುವಳು. ಅವಳ ಜೀವಮಾನದ ಸುಖವೆಲ್ಲ ಆ ಓಡಾಟದಲ್ಲಿತ್ತು.

ಹೂವಿನ ತಿಂಗಳಲ್ಲಿ ಮಾತ್ರ ಕತ್ತರಿ, ಗುದ್ದಲಿ ಎರಡೂ ಮೂಲೆಗೆ. ಆ ದಿನಗಳಲ್ಲಿ ಮಗ ಬೀದಿಯಲ್ಲಿ ಯಾರದೋ ಹಲ್ಲು ಉದುರಿಸಿ ಬರುತ್ತಿದ್ದ. ಆಕೆ ಅಂಗಿಯ ರಕ್ತ ತೊಳೆದು ಒಣಹಾಕಿ, ಅದರ ಬಗ್ಗೆ ಯೋಚಿಸುವುದನ್ನೂ ಅಲ್ಲಿಗೇ ಬಿಡುತ್ತಿದ್ದಳು.

ಮಳೆಗಾಲದ ಕೊನೆಯಲ್ಲಿ ಸೊಸೆ ಬಂದಳು. ಮನೆಯಲ್ಲೇ ಬಟ್ಟೆ ಹೊಲಿಯುವ ಹುಡುಗಿ. ಹೊಲಿದು ಉಳಿದ ಬಟ್ಟೆಯ ಚೂರುಗಳಿಂದ ವಾಲಿದ ಡೇಲಿಯಾ ದಂಟುಗಳನ್ನು ಕೋಲಿಗೆ ಕಟ್ಟುತ್ತಿದ್ದಳು, ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಹೂವಜ್ಜಿಗೆ ಅವಳೆಂದರೆ ಪ್ರಾಣವಾಯಿತು. ಗಂಡ ಮೊದಲ ಸಲ ಅವಳತ್ತ ಕಾದ ಇಸ್ತ್ರಿಪೆಟ್ಟಿಗೆ ಎಸೆದ ದಿನ ಅತ್ತೆ ಗುಟ್ಟು ಹೇಳಿಕೊಟ್ಟಳು.

"ಹೆದರ್ಬೇಡ ಕಣೇ. ಸಿಟ್ಟು ಏರೋದು ಕಂಡ ತಕ್ಷಣ ತೋಟಕ್ಕೆ ಅಟ್ಟಿಬಿಡು. ಎಲ್ಲಾನೂ ಗಿಡ ನುಂಗಿಕೊಳ್ಳುತ್ತೆ."

"ಹೂ ಬಿಟ್ಟಾಗ ಏನ್ ಮಾಡೋದು ಅತ್ತೆ? ಆಗ ಕಡಿಯೋಕೆ ಏನೂ ಇರಲ್ವಲ್ಲ."

"ಹುಚ್ಚಿ! ಹೂ ನೋಡಿದ್ರೆ ಯಾರಿಗೆ ತಾನೆ ಸಿಟ್ಟು ಬರುತ್ತೆ?" ಎಂದು ಅಜ್ಜಿ ನಕ್ಕಳು. ಅಂಗಿ ತೊಳೆದ ಕೈಗೆ ಮರೆವು ಜಾಸ್ತಿ.

ಆ ವರ್ಷ ಹಳದಿ ಗುಲಾಬಿ ಮೊದಲ ಬಾರಿ ಮೊಗ್ಗಾಗಿತ್ತು. ಎಷ್ಟೋ ವರ್ಷ ಕಡ್ಡಿಯಾಗಿಯೇ ನಿಂತು ಅಜ್ಜಿಯನ್ನು ಸತಾಯಿಸಿದ ಗಿಡ. ಅದು ಅರಳಿದ ಮಧ್ಯಾಹ್ನವೇ ಮಗನನ್ನು ಗ್ಯಾರೇಜಿನಿಂದ ಒದ್ದು ಓಡಿಸಿದ್ದರು. ಗೇಟನ್ನು ಕಾಲಿನಿಂದಲೇ ತಳ್ಳಿ ಬಂದ. ಬೆರಳ ಗೆಣ್ಣುಗಳೆಲ್ಲ ಸುಲಿದಿದ್ದವು. ಯಾರನ್ನೂ ನೋಡದೆ ನೇರ ಮೂಲೆಗೆ ಹೋಗಿ ಕತ್ತರಿ ತೆಗೆದುಕೊಂಡ.

ಹೂವಜ್ಜಿ ಎರಡೂ ಕೈ ಚಾಚಿ ಗಿಡಗಳಿಗೆ ಅಡ್ಡ ನಿಂತಳು. "ಏಯ್, ಈಗ ಬೇಡ ಕಣೋ! ಎಲ್ಲಾ ಅರಳಿದೆ."

"ದಾರಿ ಬಿಡಮ್ಮ."

"ಮುಟ್ಟಿದ್ರೆ ನನ್ನಾಣೆ. ಒಳಗೆ ಹೋಗು."

"ಅಮ್ಮ, ಬಿಡು ಅಂದೆ."

"ಒಳಗೆ ಹೋಗು ಅಂದ್ನಲ್ಲ!"

ಅವನು ಕತ್ತರಿ ಎಸೆದು ಒಳಗೆ ಹೋದ. ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

ಏನೋ ಭಾರವಾದದ್ದು ಬಿತ್ತು. "ಅತ್ತೇ!" ಎಂಬ ಕೂಗು ಕೇಳಿಸಿತು. ಹೂವಜ್ಜಿ ಆಗ ಬಾಗಿ ಹಳದಿ ಗುಲಾಬಿಯ ದಂಟು ತಡವುತ್ತಿದ್ದಳು. ಎಸೆದ ಕತ್ತರಿ ಒಂದು ಎಸಳನ್ನೂ ತಾಕಿರಲಿಲ್ಲ. ‘ಸದ್ಯ’ ಎಂದುಕೊಂಡಳು. ಹೌದು, ಹಾಗೇ ಅಂದುಕೊಂಡಳು. ಎರಡನೆಯ ಕೂಗು ಅರ್ಧಕ್ಕೆ ಮುರಿದಾಗ ಬಾಗಿಲಿಗೆ ಓಡಿದಳು.

ಒಳಗೆ ಮಿಷನ್ನು ಮಗುಚಿ ಬಿದ್ದಿತ್ತು. ಮಗ ಹೆಂಡತಿಯ ಎದೆಯ ಮೇಲೆ ಮೊಣಕಾಲೂರಿ, ಜಡೆ ಹಿಡಿದು, ಅವಳ ತಲೆಯನ್ನು ಮಿಷನ್ನಿನ ಕಬ್ಬಿಣದ ಕಾಲಿಗೆ ಜಜ್ಜುತ್ತಿದ್ದ. ಅವನು ಬೈಯುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ. ಒಂದೇ ಸಮನೆ ಉಸಿರು ಬಿಡುತ್ತ ಕೆಲಸ ಮಾಡುತ್ತಿದ್ದ. ಗುಲಾಬಿ ಸವರುವಾಗಿನದೇ ಮುಖ. ಇಷ್ಟು ವರ್ಷ ಸಿಟ್ಟನ್ನು ಗಿಡ ನುಂಗಿರಲಿಲ್ಲ. ಅವನ ಕೈ ಪಳಗಿತ್ತು. ಪಳಗಿಸಿದವಳು ಬಾಗಿಲಲ್ಲಿ ನಿಂತಿದ್ದಳು.

"ಬಿಡೋ!" ಎಂದಳು. ಅವನಿಗೆ ಕೇಳಿಸಲಿಲ್ಲ.

ಗುದ್ದಲಿ ತಂದಳು. ಅದರ ಹಿಂಬದಿಯಿಂದ ಮಗನ ಭುಜಕ್ಕೆ ಬೀಸಿದಳು. ಮೂಳೆ ಲಟಕ್ಕೆಂದದ್ದು ಹಿಡಿಯಲ್ಲೂ ಗೊತ್ತಾಯಿತು. ಅವನು "ಅಮ್ಮಾ" ಎಂದು ಹೊರಳಿದ. ಅವಳು ಮತ್ತೆ ಎತ್ತಿದಳು.

"ಎದ್ದು ಆಚೆ ಹೋಗು. ಮುಂದಿನ ಏಟು ತಲೆಗೆ. ಹೆತ್ತವಳು ನಾನೇ, ಕೊಲ್ಲೋಳೂ ನಾನೇ ಆಗ್ತೀನಿ."

ಅವನು ಡೇಲಿಯಾಗಳನ್ನು ತುಳಿದುಕೊಂಡೇ ಓಡಿದ. ಅಜ್ಜಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಒತ್ತಿಹಿಡಿದಳು. ಒಡೆದ ತುಟಿ ಅಲುಗಿತು.

"ಹೂವು ಉಳೀತಾ ಅತ್ತೆ?"

ಅದು ಚುಚ್ಚುಮಾತೋ, ಪ್ರಜ್ಞೆ ತಪ್ಪುವ ಮುಂಚಿನ ಬಡಬಡಿಕೆಯೋ, ಹೂವಜ್ಜಿ ಇವತ್ತಿಗೂ ಕೇಳಿಲ್ಲ. ಕೇಳುವ ಮುಖ ಅವಳಿಗಿಲ್ಲ. ಆಸ್ಪತ್ರೆಯಲ್ಲಿ ಸೊಸೆ "ಬಿದ್ದೆ" ಎಂದಾಗ, ಅತ್ತೆಯೇ ಮುಂದೆ ಬಂದು, "ನನ್ನ ಮಗ ಹೊಡೆದ. ಅವನನ್ನ ಒಳಗೆ ಕಳಿಸಿದ್ದು ನಾನು" ಎಂದಳು.

ಮಗ ಕೆಲವು ತಿಂಗಳು ಜೈಲಿನಲ್ಲಿದ್ದ. ಗಾಯ ಮಾಗಿದ ಮೇಲೆ ಸೊಸೆ ಅತ್ತೆಯ ಜೊತೆಗೇ ಇದ್ದು ಮತ್ತೆ ಹೊಲಿಯತೊಡಗಿದಳು. ಅಗೆಯುವವರಿಲ್ಲದೆ ನೆಲ ಮತ್ತೆ ಕಲ್ಲಾಯಿತು, ಬಸವನಹುಳುಗಳಿಗೆ ಸುಗ್ಗಿಯಾಯಿತು. ಚಳಿ ಬರುವ ಹೊತ್ತಿಗೆ ಗುಲಾಬಿಗಳು ಪೊದೆಯಂತೆ ಬೆಳೆದು ಕಿಟಕಿ ಮುಚ್ಚಿದ್ದವು. ಒಂದು ಸಂಜೆ ಮಗ ಗೇಟಿನ ಹೊರಗೆ ಬಂದು ನಿಂತ. ಒಂದು ಭುಜ ಕೆಳಗಿಳಿದಿತ್ತು.

"ಅಮ್ಮ, ಸವರೋ ಕಾಲ ಬಂತು. ಹೀಗೇ ಬಿಟ್ರೆ ಈ ಸಲ ಒಂದು ಹೂವೂ ಬಿಡಲ್ಲ. ಗೇಟು ತೆಗಿ. ಮನೆ ಒಳಗೆ ಕಾಲಿಡಲ್ಲ, ಬರೀ ತೋಟದಲ್ಲಿರ್ತೀನಿ."

ಅವನು ಹೇಳಿದ್ದು ನಿಜವೇ. ಅಜ್ಜಿಗೆ ಅವನ ಕೆನ್ನೆ ಎಷ್ಟು ಬತ್ತಿದೆ ಎನ್ನಿಸಿತು. ಕೈ ತಾನಾಗಿ ಚಿಲಕದ ಮೇಲೆ ಹೋಯಿತು.

ಒಳಗೆ ಮಿಷನ್ನಿನ ಸದ್ದು ನಿಂತಿತು.

ಹೂವಜ್ಜಿ ಚಿಲಕ ಬಿಟ್ಟಳು. ಗುದ್ದಲಿ ಎತ್ತಿಕೊಂಡು, ಮಗನ ಕಣ್ಣೆದುರೇ ಹಳದಿ ಗುಲಾಬಿಯ ಬುಡಕ್ಕೆ ಹೊಡೆದಳು. ಅವನು ಗೇಟು ಅಲುಗಾಡಿಸಿ ಕೂಗಿದ. ಆಕೆ ಅಳುತ್ತಲೇ ಮುಂದಿನ ಗಿಡಕ್ಕೆ ಹೋದಳು. ಮುಳ್ಳು ಮುಖ ಗೀರಿತು, ಬೇರುಗಳು ಕಿತ್ತು ಬಂದವು.

"ನಿನಗೆ ಇಲ್ಲಿ ಕಡಿಯೋಕೆ ಏನೂ ಉಳಿದಿಲ್ಲ" ಎಂದಳು. "ಹೋಗು."

ಅವನು ಹೋಗುವವರೆಗೂ ಕಡಿದಳು. ಹೋದಮೇಲೂ ಕಡಿಯುತ್ತಲೇ ಇದ್ದಳು, ಒಳಗೆ ಮಿಷನ್ನು ಮತ್ತೆ ಓಡಲು ಶುರುವಾಗುವವರೆಗೆ.