ಇಡೀ ಗುಂಡಿಗೆ ಬೇಕು

ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡಗಡೆಯ ಕೆಳಕೋಣೆ, ಎಲ್ಲಿದೆ, ನಿಮ್ಮ ಎದೆಯ ಮೇಲೇ ಕೈ ಇಟ್ಟು ತೋರಿಸಿ ಎಂದರೆ ಅರ್ಧ ಕ್ಲಾಸಿನ ಹುಡುಗಿಯರು ಬಲಗಡೆ ಕೈ ಇಟ್ಟರು. ಪುಸ್ತಕದ ಚಿತ್ರದಲ್ಲಿ ಅದು ಬಲಗಡೆ ಕಾಣುತ್ತದಲ್ಲ, ಹಾಗೆ. ಪರೀಕ್ಷೆಯಲ್ಲಿ ಹೃದಯದ ಪಾಠಕ್ಕೆ ಪೂರಾ ಅಂಕ ತೆಗೆದವರು ಇವರೇ! ನಾಳೆ ದವಾಖಾನೆಯಲ್ಲಿ ಯಾರ ಎದೆಯ ಮೇಲೆ ಎಲ್ಲಿ ಕೈ ಇಡುತ್ತಾರೋ ಆ ಶಿವನೇ ಬಲ್ಲ. ಮಹೇಶ್ವರಿಗೆ ಮೈ ಉರಿಯಿತು, ಆದರೆ ಹುಡುಗಿಯರ ಮೇಲಲ್ಲ, ತನ್ನ ಮೇಲೇ. ಬಾಗಲಕೋಟೆಯ ಆ ನರ್ಸಿಂಗ್ ಕಾಲೇಜಿನಲ್ಲಿ ಹತ್ತು ವರ್ಷದಿಂದ ಜೀವಶಾಸ್ತ್ರ ಹೇಳಿಕೊಡುತ್ತ ಬಂದವಳು ತಾನೇ ಅಲ್ಲವೇ.

ಇನ್ನು ಚಿತ್ರ ಸಾಕು, ನಿಜವಾದ ಗುಂಡಿಗೆಯನ್ನೇ ಕೈಗೆ ಕೊಡಬೇಕು ಎಂದು ಹಟಕ್ಕೆ ಬಿದ್ದಳು. ಹಟ ಹಿಡಿಯಲು ಸಿಕ್ಕ ಕಾಲವೂ ಎಂಥದ್ದು ನೋಡಿ. ಇಷ್ಟು ವರ್ಷ ಗುತ್ತಿಗೆಯ ಮೇಲೆ ದುಡಿದವಳನ್ನು ಕಾಯಂ ಮಾಡುವ ಮಾತು ಬರುವ ಬುಧವಾರ ಆಡಳಿತ ಮಂಡಳಿಯ ಮುಂದೆ ಬರಲಿತ್ತು. ಮಂಡಳಿಯವರೆಲ್ಲ ಬಸವಣ್ಣನ ಭಕ್ತರು. ಕಾಲೇಜಿನ ಗೇಟಿನೊಳಗೆ ಈವರೆಗೆ ಒಂದು ಮೊಟ್ಟೆಯೂ ಬಂದಿದ್ದಿಲ್ಲ. ಮಹೇಶ್ವರಿಯೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳೇ. ಎಂ.ಎಸ್ಸಿ. ಓದುವಾಗ ಕಪ್ಪೆಯನ್ನು ಕೂಡ ಕಂಪ್ಯೂಟರಿನಲ್ಲೇ ಕೊಯ್ದಿದ್ದಳು.

ಅತ್ತೆ ಶಿವಲಿಂಗವ್ವನಿಗೆ ವಿಷಯ ಹೇಳಿದಾಗ ಆಕೆ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. “ಕಲಿಸಾಕ ತರ್ತಿ, ತಿನ್ನಾಕಲ್ಲ. ಮನಿಗೆ ಬಂದು ಜಳಕಾ ಮಾಡಿ ಪೂಜಿಗೆ ಕೂಡು, ಅಷ್ಟ. ಆದ್ರ ನೌಕರಿ ಹೋದ್ರ ನನ್ನ ಮುಂದ ಅಳಬ್ಯಾಡ,” ಎಂದಳು.

ಗುರುವಾರ ಬೆಳಿಗ್ಗೆ ಹಳೇ ಊರಿನ ಕಾಳಪ್ಪನ ಮಟನ್ ಅಂಗಡಿಯ ಮುಂದೆ ಮೂಗಿಗೆ ಸೆರಗು ಹಿಡಿದು ನಿಂತಳು. “ಗುಂಡಿಗಿ ಕೊಡ್ರಿ,” ಎಂದವಳೇ ರಸ್ತೆಯ ಕಡೆ ಮುಖ ತಿರುಗಿಸಿದಳು. ಚೀಲ ಕೈಗೆ ಬಂದದ್ದೇ ತಡ, ಆಟೋ ಹತ್ತಿದಳು. ಪ್ರಯೋಗಾಲಯದಲ್ಲಿ ಮೊದಲ ಬ್ಯಾಚಿನ ಮುಂದೆ ತಟ್ಟೆಗೆ ಸುರಿದರೆ, ಅಯ್ಯೋ ದೇವರೇ, ಸಾರಿಗೆ ಹಾಕುವ ಹಾಗೆ ಸಣ್ಣ ಸಣ್ಣ ತುಂಡು! ಕಾಳಪ್ಪನ ತಪ್ಪಾದರೂ ಏನು? ಅವನ ಅಂಗಡಿಯಲ್ಲಿ ಗುಂಡಿಗೆ ಕೇಳಿದವರಿಗೆಲ್ಲ ಕೊಚ್ಚಿಯೇ ಕೊಡುವುದು. ಕೊಚ್ಚಬೇಡ ಎನ್ನಬೇಕೆಂದು ಜನ್ಮದಲ್ಲಿ ಮಾಂಸ ಕೊಳ್ಳದವಳಿಗೆ ಹೇಗೆ ಗೊತ್ತಾಗಬೇಕು?

“ಮೇಡಂರಿ, ಮಸಾಲಿ ಹಿಂದಿಂದ ಬರತೈತೇನ್ರಿ?” ಎಂದಳು ಹಿಂದೆ ನಿಂತಿದ್ದ ತಸ್ಲೀಮಾ. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಗದ್ದಲ ಕೇಳಿ ಬಾಗಿಲಿಗೆ ಬಂದ ಪ್ರಾಂಶುಪಾಲ ವಿಜಯಮಹಾಂತೇಶರು ತಟ್ಟೆಯನ್ನು ನೋಡಿ ಮಹೇಶ್ವರಿಯನ್ನು ತಮ್ಮ ಕೋಣೆಗೆ ಕರೆದರು.

ಅಲ್ಲಿ ಒಂದು ಬಿಳಿ ಹಾಳೆಯನ್ನು ಅವಳ ಮುಂದಕ್ಕೆ ಸರಿಸಿದರು. “ಇನ್ನೊಮ್ಮಿ ಹಿಂಗ ಮಾಡೂದಿಲ್ಲಂತ ಬರದ ಕೊಡ್ರಿ ಮೇಡಂ. ಮಂಡಳಿಯವರನ್ನ ನಾ ಸಂಭಾಳಿಸ್ತೇನಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ.”

ಮನುಷ್ಯ ಕೆಟ್ಟವರಲ್ಲ, ಹೇಳಿದ್ದೂ ಸುಳ್ಳಲ್ಲ. ಮಹೇಶ್ವರಿ ಪೆನ್ನು ಎತ್ತಿದಳು ಕೂಡ. ಕಾಯಂ ಆಗಬೇಕೆಂಬ ಆಸೆ ಅವಳಿಗೇನು ಕಡಿಮೆಯೇ? ಆದರೆ ಬಲಗಡೆ ಇಟ್ಟುಕೊಂಡ ಆ ಕೈಗಳು ಕಣ್ಣ ಮುಂದಿಂದ ಸರಿಯಲೊಲ್ಲವು. ಪೆನ್ನು ಕೆಳಗಿಟ್ಟು, ಕೈಯಲ್ಲೇ ಉಳಿದಿದ್ದ ಖಾಲಿ ಚೀಲದ ಮೇಲೆ ಅಚ್ಚಾಗಿದ್ದ ಅಂಗಡಿಯ ನಂಬರಿಗೆ ಅಲ್ಲಿಂದಲೇ ಫೋನ್ ಹಚ್ಚಿದಳು.

“ಕಾಳಪ್ಪಣ್ಣಾರ, ಬುಧವಾರ ಆರು ಗುಂಡಿಗಿ ಬೇಕ್ರಿ. ಇಡೀವು. ಒಂದಕ್ಕೂ ಚಾಕು ಹಚ್ಚಬ್ಯಾಡ್ರಿ.”

ಪ್ರಾಂಶುಪಾಲರು ನಿಟ್ಟುಸಿರು ಬಿಟ್ಟು ಹಾಳೆಯನ್ನು ವಾಪಸ್ ತೆಗೆದುಕೊಂಡರು.

ಬುಧವಾರ ಬೆಳಿಗ್ಗೆಯೇ ಮಂಡಳಿಯ ತೀರ್ಮಾನ ಬಂತು. ಕಾಯಂ ಇಲ್ಲ, ಈ ವರ್ಷ ಮುಗಿದ ಮೇಲೆ ಗುತ್ತಿಗೆಯೂ ಇಲ್ಲ. ಮಹೇಶ್ವರಿ ಕಾಲೇಜಿನ ಶೌಚಾಲಯಕ್ಕೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಹತ್ತು ವರ್ಷ, ಸುಮ್ಮನೆ ಹೋಯಿತಲ್ಲ. ಆಮೇಲೆ ಮುಖ ತೊಳೆದು ಎರಡನೇ ಬ್ಯಾಚಿನ ಮುಂದೆ ಹೋಗಿ ನಿಂತಳು.

ಆರು ತಟ್ಟೆಗಳಲ್ಲಿ ಆರು ಇಡೀ ಗುಂಡಿಗೆಗಳು. ಹುಡುಗಿಯರು ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದರು. ಯಾರು ಮೊದಲು ಬರುತ್ತೀರಿ ಎಂದರೆ ಒಬ್ಬಳೂ ಮುಂದೆ ಬರಲಿಲ್ಲ. ಮಹೇಶ್ವರಿ ಗ್ಲೌಸ್ ಹಾಕಿಕೊಂಡಳು. ಒಂದು ಗುಂಡಿಗೆ ಎತ್ತಿಕೊಂಡು, ಮೇಲಿನ ದಪ್ಪ ರಕ್ತನಾಳದೊಳಗೆ ಬೆರಳು ತೂರಿಸಿದಳು. ತಣ್ಣಗಿತ್ತು. ಒಳಗಿನ ಗೋಡೆ ಅವಳೆಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು.

“ಹತ್ರ ಬರ್ರಿ. ಎಡಗಡಿ ಗ್ವಾಡಿ ಎಷ್ಟ ದಪ್ಪ ಐತಿ, ನಿಮ್ಮ ಕೈಲೇ ಮುಟ್ಟಿ ನೋಡ್ರಿ,” ಎಂದಳು. “ಮುಂದಿನ ವರ್ಷ ಕಲಿಸಾಕ ನಾ ಇರೂದಿಲ್ಲ.”