ಒಂಬತ್ತು ಇಂಚು

ನಾಲ್ವರು ಜವಾನರು ಗಾಲಿಕುರ್ಚಿಯ ನಾಲ್ಕು ಮೂಲೆಗೆ ಕೈ ಹಾಕುವಷ್ಟರಲ್ಲಿ ಟೈಲರಮ್ಮ, "ಮುಟ್ಟಬೇಡಿ," ಎಂದಳು. ದನಿ ಏರಿರಲಿಲ್ಲ. ಆದರೂ ಕೈಗಳು ಕಾದ ಹಂಚು ತಾಕಿದಂತೆ ಹಿಂದೆ ಸರಿದವು.

ನಗರಾಡಳಿತ ಕಚೇರಿಯ ಅಂಗಳದಲ್ಲಿ ಹೊಸ ಪಾರ್ಕಿಂಗ್ ಜಾಗದ ಉದ್ಘಾಟನೆ. ಬಾಗಿಲ ಹತ್ತಿರವೇ ಎರಡು ಜಾಗ ಬಿಟ್ಟು, ನೆಲಕ್ಕೆ ನೀಲಿ ಬಳಿದು, ಬಿಳಿ ಗಾಲಿಕುರ್ಚಿಯ ಚಿತ್ರ ಬರೆಸಿದ್ದರು. ರಿಬ್ಬನ್ ಕತ್ತರಿಸಲು ಗಾಲಿಕುರ್ಚಿಯವರೇ ಬೇಕೆಂದು ಯಾರಿಗೋ ಹೊಳೆದು, ಆರು ವರ್ಷದಿಂದ ಅರ್ಜಿ ಬರೆದು ಬರೆದು ಕಚೇರಿಯವರ ತಲೆ ತಿಂದಿದ್ದ ಇವಳನ್ನೇ ಕರೆಸಿದ್ದರು. ಫೋಟೋಕ್ಕೂ ಆಯಿತು, ಬಾಯಿ ಮುಚ್ಚಿಸಿದಂತೆಯೂ ಆಯಿತು. ಟೈಲರಮ್ಮ ಮೂರು ಗಾಲಿಯ ಸ್ಕೂಟರನ್ನು ನೀಲಿಯ ಮೇಲೆ ನಿಲ್ಲಿಸಿದ್ದಳು. ಹಿಂದೆ ಕಟ್ಟಿದ್ದ ಕುರ್ಚಿಯನ್ನು ನಾದಿನಿ ಬಿಚ್ಚಿ ಅವಳನ್ನು ಕೂರಿಸಿದ್ದಳು. ನೋಡಿದರೆ, ನೀಲಿ ಜಾಗಕ್ಕೂ ಬಾಗಿಲಿಗೂ ನಡುವೆ ಉದ್ದಕ್ಕೂ ಕಲ್ಲಿನ ಕಟ್ಟೆ.

ಚೀಲದಿಂದ ಟೇಪು ತೆಗೆದು ನಾದಿನಿಯ ಕೈಗೆ ಕೊಟ್ಟು ಅಳೆಸಿದಳು. ಒಂಬತ್ತು ಇಂಚು.

"ಒಂದು ಗೇಣಮ್ಮ ಅದು," ಎಂದು ಮುಖ್ಯಾಧಿಕಾರಿ ನಕ್ಕ. "ನಮ್ಮವರು ಹೂವಿನ ಹಾಗೆ ಎತ್ತಿ ಇಡ್ತಾರೆ."

"ನಾಳೆ ನಾನು ಅಂಗಡಿ ಲೈಸೆನ್ಸಿಗೆ ಬರ್ತೀನಿ. ನಾಡಿದ್ದು ಇನ್ಯಾರೋ ಬರ್ತಾರೆ. ಹೂವು ಎತ್ತೋರು ದಿನಾ ಇಲ್ಲೇ ನಿಂತಿರ್ತಾರಾ?"

ಇಂಜಿನಿಯರ್ ಮುಂದೆ ಬಂದ. "ಮೊದಲನೇ ಹಂತದಲ್ಲಿ ಗಾಡಿ ನಿಲ್ಲಿಸೋ ಜಾಗ ಮಾತ್ರ ಮೇಡಂ. ಒಳಗೆ ಹೋಗೋದು ಎರಡನೇ ಹಂತ."

ಒಂದೇ ಒಗೆತಕ್ಕೆ ಬಣ್ಣ ಬಿಡುವ ಬಟ್ಟೆಯನ್ನು ನೋಡುವಂತೆ ಅವನನ್ನು ನೋಡಿದಳು. "ಹಾಗಾದ್ರೆ ಸದ್ಯಕ್ಕೆ ನಾವು ಬರೋದು, ನಿಲ್ಲಿಸೋದು, ವಾಪಸ್ ಹೋಗೋದು."

ಜವಾನನೊಬ್ಬ ನಕ್ಕು, ಅದನ್ನು ಕೆಮ್ಮಾಗಿಸಿದ.

ಅವಳಿಗೆ ಕೋಪ ಬಂದಿರಲಿಲ್ಲ. ಕೋಪ ಬರಬೇಕಾದರೆ ಎದುರಿನವನು ಕೆಟ್ಟದ್ದನ್ನಾದರೂ ಯೋಚಿಸಿರಬೇಕು; ಇವರು ಏನನ್ನೂ ಯೋಚಿಸಿರಲಿಲ್ಲ. ಗುಂಡಿ ಹೊಲಿದು ಅದು ತೂರುವ ಕಾಜ ಮರೆಯುವವನನ್ನು ಅವಳು ಅಂಗಡಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಇಲ್ಲಿ ಅಂಥವರಿಗೆ ವೇದಿಕೆ ಹಾಕಿದ್ದರು.

ಕುರ್ಚಿ ತಿರುಗಿಸಿದಳು. ನಾದಿನಿಯ ಹೆಗಲು ಹಿಡಿದು ಮತ್ತೆ ಸ್ಕೂಟರು ಹತ್ತಿ, ನೇರ ಗೇಟಿಗೆ ಹೋಗಿ, ದಾರಿಗಡ್ಡ ನಿಲ್ಲಿಸಿ, ಕೀಲಿಯನ್ನು ಕುಪ್ಪಸದೊಳಗೆ ಸೇರಿಸಿದಳು. ಅಂಗಳದಲ್ಲಿದ್ದ ಕಾರುಗಳಿಗೆ ಇದ್ದದ್ದು ಅದೊಂದೇ ಗೇಟು.

"ಬೇಡ ಅತ್ತಿಗೆ," ಎಂದಳು ನಾದಿನಿ, ಪಿಸುದನಿಯಲ್ಲಿ. "ಲೈಸೆನ್ಸ್ ಕೊಡದೇ ಹೋದ್ರೆ ಅಂಗಡಿ ಮುಚ್ಚಬೇಕಾಗುತ್ತೆ."

"ಈಗೇನು ಕೊಟ್ಟು ಕಡಿದಿದ್ದಾರೆ? ಹೋದ ತಿಂಗಳು ಇಲ್ಲಿದ್ದ ಹಳೇ ಮೆಟ್ಟಿಲ ಕೆಳಗಿಂದ್ಲೇ ಎರಡು ಸಲ ವಾಪಸ್ ಬಂದೆ."

ಹಾಗಂದರೂ ಕುಪ್ಪಸದೊಳಗಿನ ಕೀಲಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

ಮುಖ್ಯಾಧಿಕಾರಿಗೆ ಹನ್ನೊಂದಕ್ಕೆ ಇನ್ನೊಂದು ಸಭೆ. ಎಳೆಸಿ ಹಾಕೋಣವೆಂದರೆ ಮೂರು ಕ್ಯಾಮೆರಾಗಳು ಆಗಲೇ ರಿಬ್ಬನ್ ಬಿಟ್ಟು ಗೇಟಿನ ಕಡೆ ತಿರುಗಿದ್ದವು. ಅಷ್ಟು ಗಂಡಸರಲ್ಲಿ ಒಬ್ಬನಿಗೂ ಕ್ಯಾಮೆರಾದ ಮುಂದೆ ಅವಳನ್ನು ಮುಟ್ಟುವ ಧೈರ್ಯವಿರಲಿಲ್ಲ. ಮುಕ್ಕಾಲು ಗಂಟೆ ಬಿಸಿಲಲ್ಲಿ ಬೆಂದ ಮೇಲೆ, ಹಿಂಬದಿಯ ಗೋಡೆ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕರೆತರಲಾಯಿತು.

"ಕಟ್ಟೆ ಒಡೆದು ಮೂರಡಿ ಇಳಿಜಾರು ಹಾಕಿಬಿಡು," ಎಂದ ಇಂಜಿನಿಯರ್.

ಮೇಸ್ತ್ರಿ ಕಟ್ಟೆ ನೋಡಿದ. "ಮೂರಡಿಗೆ ಹಾಕಿದ್ರೆ ಅದು ಮಕ್ಕಳ ಜಾರುಬಂಡೆ ಸಾರ್." ಆಮೇಲೆ ಯಾರನ್ನೂ ಕೇಳದೆ ಗೇಟಿನವರೆಗೆ ನಡೆದುಬಂದ. "ಅಮ್ಮ, ಯಾರೂ ತಳ್ಳದೆ ನೀವೇ ಹತ್ತೋಕೆ ಎಷ್ಟು ಉದ್ದ ಬೇಕು?"

ಬೆಳಗಿನಿಂದ ಎಲ್ಲರ ಮಾತಿಗೂ ಅವಳ ನಾಲಗೆಯ ತುದಿಯಲ್ಲೇ ಉತ್ತರವಿತ್ತು. ಇದಕ್ಕೆ ತಡವಾಯಿತು. ಆರು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರಿರಲಿಲ್ಲ.

"ಒಂಬತ್ತಡಿ," ಎಂದಳು. "ಇಂಚಿಗೆ ಒಂದಡಿ."

"ಒಂಬತ್ತಡಿ ಅಂದ್ರೆ ಸಾಹೇಬರ ಕಾರಿನ ಜಾಗಕ್ಕೇ ಬರುತ್ತೆ," ಎಂದ ಇಂಜಿನಿಯರ್.

ಮೇಸ್ತ್ರಿ ಕಟ್ಟೆಗೆ ಮೊಳೆ ಹೊಡೆದು ದಾರ ಕಟ್ಟಿ, ಹಿಂದೆ ಹಿಂದೆ ನಡೆದ. ದಾರ ನೀಲಿಯ ಮೂಲೆ ದಾಟಿ ಓರೆಯಾಗಿ ಪಕ್ಕದ ಜಾಗಕ್ಕೆ ಹೋಗಿ ಸಾಹೇಬರ ಕಾರಿನ ಮುಂದಿನ ಚಕ್ರಕ್ಕೆ ತಾಗಿತು. ಚಾಲಕ ಮುಖ್ಯಾಧಿಕಾರಿಯ ಮುಖ ನೋಡಿದ. ಮೇಸ್ತ್ರಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ದಾರವನ್ನು ಬಿಗಿಯಾಗಿ ಹಿಡಿದು, ಕಾರು ಹಿಂದೆ ಸರಿಯುವುದನ್ನು ಕಾಯತೊಡಗಿದ.